ಅಡಿಸ್ ಅಬಾಬಾದಲ್ಲಿ ಮಾಮಾನನ್ನು ಕೂರಿಸಿದ್ದು

ಇಂಡಿ ರೋಡ್, ಆಗಸ್ಟ್ ೧೯೭೪

ಮುದ್ದೇಬಿಹಾಳದ ಕಚೇರಿಯ ಅಂಗಳದಲ್ಲಿ ಒಂದು ಮಳೆಮಾಪಕ ಇದೆ. ದಿನಾ ಬೆಳಿಗ್ಗೆ ಅದರೊಳಗೆ ಬಗ್ಗಿ ನೋಡಿ ಎಷ್ಟು ಬಿದ್ದಿದೆ ಎಂದು ಬರೆದಿಡುವುದು ನನ್ನ ಕೆಲಸ. ನಮ್ಮ ಕಡೆ ಅದು ಬಹುಪಾಲು ಸೊನ್ನೆ ಬರೆಯುವ ಕೆಲಸ. ಆದರೂ ಆ ಅಭ್ಯಾಸ ಕೈಗೆ ಅಂಟಿಕೊಂಡಿದೆ. ಮನೆಯಲ್ಲಿಯೂ ಡೈರಿ ಬರೆಯುತ್ತೇನೆ. ಇಂಥ ದಿನ ಇಂಥವರು ಬಂದರು, ಸಿಂದಗಿ ಬಸ್ಸು ಇಷ್ಟು ತಡವಾಯಿತು, ಇವತ್ತು ಎರಡು ಸಲ ಸಿಟ್ಟು ಬಂತು, ಹೀಗೆ. ಪರದೇಶ ನೋಡಿ ಬಂದವನು ನಾಲ್ಕು ಮಾತು ಬರೆಯಬೇಕು ಎಂದು ಗೆಳೆಯರು ಬೆನ್ನು ಹತ್ತಿದ್ದರಿಂದ ಆ ಡೈರಿಯನ್ನು ಮುಂದಿಟ್ಟುಕೊಂಡು ಕುಳಿತಿದ್ದೇನೆ.

ನಾನು ಹೋದದ್ದು ದೇಶ ನೋಡಲಿಕ್ಕಲ್ಲ, ಇಬ್ಬರನ್ನು ಕರೆತರಲಿಕ್ಕೆ. ನನ್ನ ಅಕ್ಕನ ಗಂಡ ಇಥಿಯೋಪಿಯಾದ ಸರಕಾರಿ ಶಾಲೆಯಲ್ಲಿ ಗಣಿತದ ಮಾಸ್ತರ. ಅವರನ್ನು ನಾನು ಕರೆಯುವುದು ಮಾಮಾ ಎಂದು. ಮನಗೂಳಿಯ ಈ ಮಾಮಾ ಅಕ್ಕನನ್ನು ಕರೆದುಕೊಂಡು ಅಡಿಸ್ ಅಬಾಬಾಕ್ಕೆ ಹೋಗಿ ಆರು ವರ್ಷವಾಗಿತ್ತು. ಮಕ್ಕಳಿಲ್ಲ. ಆ ಊರು ಬಹಳ ಎತ್ತರದಲ್ಲಿದೆ. ಮಾಮಾನ ಎದೆ ಸೋತಿದೆ, ಕೆಳಗಿನ ಸೀಮೆಗೆ ಹೋಗಿಬಿಡಿ ಎಂದು ಡಾಕ್ಟರು ಹೇಳಿದ್ದಾರೆ, ಇವರ ಕಾಲು ಬಾತಿವೆ, ಸಾಮಾನು ಕಟ್ಟಲು ನನ್ನೊಬ್ಬಳಿಂದ ಆಗುವುದಿಲ್ಲ ಎಂದು ಅಕ್ಕ ತಿಳಿಸಿದ್ದಳು. ನಾನು ರಜೆ ಹಾಕಿ, ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಸೊಲ್ಲಾಪುರ ದಾಟಿ ಮುಂಬಯಿಗೆ ಹೋದೆ. ಅಲ್ಲಿಂದ ವಿಮಾನ. ವಿಮಾನದಲ್ಲಿ ಪಕ್ಕದವರು ಏನೋ ಕೇಳಿದಾಗಲೆಲ್ಲ ನಾನು ‘ಯೆಸ್’ ಎಂದೆ. ಅದರಿಂದ ನನ್ನ ಮುಂದೆ ಮೂರು ಸಲ ಕೋಳಿ ಬಂತು, ಮೂರು ಸಲ ಹಾಗೆಯೇ ಹಿಂದಕ್ಕೆ ಹೋಯಿತು.

ಗಡಿಯಾರ ಬೇರೆ, ವರ್ಷ ಬೇರೆ

ಮಾಮಾ ಬಾಗಿಲಲ್ಲಿಯೇ ಕೈಗಳಿದ್ದ ದೊಡ್ಡ ಮರದ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಏಳಲಿಲ್ಲ. ಏಳಲು ಆಗುತ್ತಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

“ಬಾರಪಾ ಮಳಿ ಸಾಹೇಬ! ಇಲ್ಲಿ ಮಳಿ ನೋಡಿದ್ರ ನಿನ್ನ ಮಾಪಕ ಒಡದ ಹೋಗ್ತೈತಿ” ಎಂದರು. ಅಷ್ಟು ಹೇಳುವುದರೊಳಗೆ ಅವರಿಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ಮಳೆಯ ವಿಷಯದಲ್ಲಿ ಅವರ ಮಾತು ನಿಜ. ದಿನಾ ಮಧ್ಯಾಹ್ನ ಮಳೆ. ನೀಲಗಿರಿ ಮರಗಳ ವಾಸನೆಯ ತಣ್ಣನೆಯ ಮಳೆ. ಉಳಿದದ್ದರಲ್ಲಿ ನನ್ನ ಲೆಕ್ಕ ಮೊದಲ ದಿನವೇ ಕೆಟ್ಟಿತು. ಮಾಮಾನ ಶಾಲೆಯ ಹೆಡ್ಮಾಸ್ತರರು ಮೂರು ಗಂಟೆಗೆ ಬಂದು ಶಾಲೆ ನೋಡಿ ಎಂದು ಹೇಳಿ ಕಳಿಸಿದ್ದರು. ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಛತ್ರಿ ಹಿಡಿದು ಹೋದರೆ ಗೇಟಿಗೆ ಕೀಲಿ. ಅವರಿಗೆ ದಿನದ ಗಂಟೆ ಸೂರ್ಯ ಹುಟ್ಟಿದ ಮೇಲೆ ಶುರು. ಅವರ ಮೂರು ಎಂದರೆ ನಮ್ಮ ಬೆಳಗಿನ ಒಂಬತ್ತು. ತೊಯ್ದು ಮನೆಗೆ ಬಂದ ಮೇಲೆ ನನಗೆ ನೆನಪಾದದ್ದು ಹೂವಿನ ಹಿಪ್ಪರಗಿಯ ನಮ್ಮ ಅಜ್ಜ. ಅವನೂ ಹಾಗೆಯೇ, “ಮೂರ ತಾಸ ಹೊತ್ತೇರಿತು, ಇನ್ನೂ ಬುತ್ತಿ ಬರಲಿಲ್ಲ” ಎನ್ನುತ್ತಿದ್ದ. ಕೈಗಡಿಯಾರ ಕಟ್ಟಿದ ನಾನು ತಪ್ಪಿದೆ. ಅಜ್ಜನಾಗಿದ್ದರೆ ಸರಿಯಾದ ಹೊತ್ತಿಗೆ ಹೋಗುತ್ತಿದ್ದ.

ವರ್ಷವೂ ಬೇರೆ. ನನ್ನ ಡೈರಿಯಲ್ಲಿ ೧೯೭೪, ಗೋಡೆಯ ಕ್ಯಾಲೆಂಡರಿನಲ್ಲಿ ೧೯೬೬. “ಎಂಟ ವರ್ಷ ಹಿಂದ ಬಂದೀದಿ ತಮ್ಮಾ. ನಿನಗ ಇನ್ನೂ ನೌಕರಿ ಸಿಕ್ಕಿಲ್ಲ. ನಡಿ, ಸಾಲಿಗೆ ಹೋಗು” ಎಂದರು ಮಾಮಾ.

ಅಕ್ಕ ನನ್ನೊಂದಿಗೆ ಮೊದಲ ಎರಡು ದಿನ ಬಿಡದೆ ಮಾತಾಡಿದಳು. ಮೂರನೆಯ ದಿನ ದವಡೆ ಹಿಡಿದುಕೊಂಡು, “ನಮ್ಮ ಮಾತು ಇಷ್ಟೊತ್ತು ಆಡಿ ರೂಢಿನೇ ತಪ್ಪೇತಿ, ಬಾಯಿ ನೋಯಾಕತ್ತೇತಿ” ಎಂದಳು. ಮಾಮಾ ಉಬ್ಬಸಕ್ಕೆ ಮಾತು ಕಡಿಮೆ ಮಾಡಿದ ಮೇಲೆ ಅವಳಿಗೆ ಮನೆಯಲ್ಲಿ ಕನ್ನಡ ಕೇಳಿಸುವುದೇ ಅಪರೂಪವಾಗಿತ್ತು. ಪಕ್ಕದ ಮನೆಯ ಅಲ್ಮಾಜ್ ಎಂಬ ಹೆಂಗಸಿನೊಂದಿಗೆ ಬೇಲಿಯ ಮೇಲಿಂದ ಆ ದೇಶದ ಭಾಷೆಯಲ್ಲಿ ಹರಟುವಾಗ ಅವಳ ನಗೆಯೇ ಬೇರೆ ಇತ್ತು. ಕಿಟಕಿಯೊಳಗಿಂದ ಒಬ್ಬನೇ ಕೇಳುತ್ತಿದ್ದರೆ ಆ ನಗೆ ಅಕ್ಕನದಲ್ಲ, ಬೇರೆ ಯಾರದೋ ಎನಿಸುತ್ತಿತ್ತು.

ಸತ್ತವರ ಸಂಘ

ಆ ದಿನಗಳಲ್ಲಿ ಊರಿನ ಮೇಲೆ ಒಂದು ಬಗೆಯ ಬಿಗಿ ಇತ್ತು. ಸೈನಿಕರು ಚಕ್ರವರ್ತಿಯ ಮಂತ್ರಿಗಳನ್ನು ಒಬ್ಬೊಬ್ಬರನ್ನಾಗಿ ಹಿಡಿದು ಒಳಗೆ ಹಾಕುತ್ತಿದ್ದರು. ಚಕ್ರವರ್ತಿ ಮಾತ್ರ ಅರಮನೆಯಲ್ಲಿಯೇ ಇದ್ದ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಇಂಡಿಯಾದ ವ್ಯಾಪಾರಸ್ಥರು ಅಂಗಡಿ ಬಾಗಿಲನ್ನು ಅರ್ಧ ಎಳೆದುಕೊಂಡೇ ಕುಳಿತಿರುತ್ತಿದ್ದರು.

ಇಷ್ಟರ ನಡುವೆಯೂ ಒಂದು ಭಾನುವಾರ ಮಾಮಾ ಟೋಪಿ ಹಾಕಿಕೊಂಡು, ನನ್ನ ಭುಜ ಹಿಡಿದು ಓಣಿಯ ಒಂದು ಮನೆಗೆ ಹೋದರು. ಅಂಗಳದಲ್ಲಿ ಮೂವತ್ತು ಜನ. ನಡುವೆ ಹಿಟ್ಟಿನ ಅಂಗಡಿಯ ಮುದುಕ ತೆಸ್ಸೆಮಾ. ಎಲ್ಲರೂ ಅವನನ್ನು ‘ಗಾಷೆ’ ಎನ್ನುತ್ತಿದ್ದರು. ನಾವು ಕಾಕಾ ಎಂದ ಹಾಗೆ.

“ಇದು ಇದ್ದಿರ್ ಅಂತ, ಸತ್ತವರ ಸಂಘ” ಎಂದು ಮಾಮಾ ಕಿವಿಯಲ್ಲಿ ಹೇಳಿದರು. “ಓಣ್ಯಾಗ ಯಾರ ಸತ್ರೂ ಇವರ ಡೇರೆ ಹಾಕ್ತಾರ, ಇವರ ಅಡಗಿ ಮಾಡ್ತಾರ, ಇವರ ಹೊರ್ತಾರ. ಇಲ್ಲಿ ಲಗ್ನಕ್ಕ ಹೋಗದಿದ್ರ ನಡೀತೈತಿ. ಸತ್ತಲ್ಲಿ ಹೋಗದಿದ್ರ ಮುಖಾನ ನೋಡಂಗಿಲ್ಲ.”

“ನೀವೂ ಮೆಂಬರ ಏನ್ರೀ?”

“ಮತ್ತ? ಆರ ವರ್ಷದಾಗ ಎಷ್ಟ ಮಂದೀನ್ನ ಹೊತ್ತೇನಿ!”

ನಾನು ಮುಖ ಕಿವಿಚಿದೆ ಎಂದು ಕಾಣುತ್ತದೆ. ದಾರಿಯುದ್ದಕ್ಕೂ ಮಾಮಾ ನಕ್ಕರು.

ಹೊಸ ವರ್ಷ, ಬುಧವಾರ

ಸೆಪ್ಟೆಂಬರ್ ಹನ್ನೊಂದು ಅವರ ಹೊಸ ವರ್ಷ. ನಮ್ಮ ಯುಗಾದಿ ಸುಡುಬಿಸಿಲಿನಲ್ಲಿ ಬಂದರೆ ಅವರದು ಮಳೆ ಮುಗಿಯುವ ಹೊತ್ತಿಗೆ ಬರುತ್ತದೆ. ಗುಡ್ಡವೆಲ್ಲ ಹಳದಿ ಹೂವು. ಹೆಣ್ಣುಮಕ್ಕಳು ಆ ಹೂವಿನ ಹಿಡಿ ಹಿಡಿದುಕೊಂಡು ಮನೆ ಮನೆಗೆ ಹಾಡುತ್ತ ಬಂದರು. ಅಂದು ಬುಧವಾರ. ಅಲ್ಲಿಯ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು ಮುಟ್ಟುವುದಿಲ್ಲ. ವಾರದಲ್ಲಿ ಆ ಎರಡು ದಿನ ನಾವು ಲಿಂಗವಂತರು ಯಾರ ಮನೆಯಲ್ಲಿಯೂ ಹಿಂಜರಿಯದೆ ಊಟಕ್ಕೆ ಕೂರಬಹುದು. ನಾವು ಮೂವರೂ ಅಲ್ಮಾಜಳ ಮನೆಗೆ ಹೋದೆವು.

ಅವರ ರೊಟ್ಟಿ ಹುಳಿ ದೋಸೆಯ ಹಾಗೆ ಇರುತ್ತದೆ, ಎತ್ತಿನ ಗಾಡಿಯ ಗಾಲಿಯಷ್ಟು ಅಗಲ. ಒಂದೇ ರೊಟ್ಟಿಯ ಸುತ್ತ ಎಲ್ಲರೂ ಕುಳಿತು ಉಣ್ಣುತ್ತಾರೆ. ಪ್ರೀತಿ ತೋರಿಸಬೇಕೆಂದರೆ ಒಂದು ತುತ್ತು ಸುತ್ತಿ ಎದುರಿನವರ ಬಾಯಿಗೇ ಇಡುತ್ತಾರೆ. ಇದು ನನಗೆ ಗೊತ್ತಿರಲಿಲ್ಲ. ಅಲ್ಮಾಜ್ ಮುಷ್ಟಿಯಷ್ಟು ತುತ್ತು ಹಿಡಿದು ನನ್ನ ಮುಖದ ಕಡೆ ಬಂದಾಗ ಗಾಬರಿಯಾಗಿ ಬಾಯಿ ತೆಗೆದೆ, ಗಾಬರಿಯಲ್ಲಿಯೇ ಮುಚ್ಚಿದೆ. ಅವಳ ಬೆರಳು ನನ್ನ ಹಲ್ಲಿಗೆ ಸಿಕ್ಕಿತು.

ಅವಳು ಕಿರುಚಿದಳು. ಆಮೇಲೆ ಏನೋ ಹೇಳಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಏನಂದಳು?” ಎಂದೆ.

ಅಕ್ಕ ಕಣ್ಣೊರೆಸಿಕೊಂಡಳು. “ಇವತ್ತು ಮಾಂಸ ಬಿಡೂ ದಿನ, ನಿನ್ನ ತಮ್ಮಗ ಹೇಳಲಿಲ್ಲೇನು ಅಂತಾಳ.”

ಮಾಮಾನೂ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಹತ್ತಿ, ಮನೆಗೆ ಎತ್ತಿಕೊಂಡೇ ಬರಬೇಕಾಯಿತು. ನಮ್ಮ ವಿಮಾನ ಮುಂದಿನ ವಾರ ಇತ್ತು.

ಗುರುವಾರ

ಮರುದಿನ ಬೆಳಿಗ್ಗೆ ಅಲ್ಮಾಜಳ ಮನೆಯ ರೇಡಿಯೋ ಓಣಿಗೆಲ್ಲ ಕೇಳುವಷ್ಟು ಜೋರಾಗಿ ಇತ್ತು. ಮಾಮಾ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ರಾತ್ರಿಯೆಲ್ಲ ಮಲಗಲು ಆಗಿರಲಿಲ್ಲ.

“ಏನ ಹೇಳಾಕತ್ತಾನ?” ಎಂದರು.

ಅಕ್ಕ ಕಿವಿಗೊಟ್ಟು ಕೇಳಿದಳು. “ರಾಜಾನ್ನ ಇಳಿಸ್ಯಾರಂತ.”

“ಮತ್ತ ಯಾರ ಕುಂತಾರಂತ?”

“ಯಾರ್ಯಾರೋ ಮಿಲಿಟ್ರಿಯವರು. ಹೆಸರ ಹೇಳವಲ್ರು.”

ಮಾಮಾ ನೀರು ಕೇಳಿದರು. ಅವರ ತುಟಿಯ ಬಣ್ಣ ನೋಡಿ ನಾನು ಡಾಕ್ಟರನ್ನು ಕರೆಯಲು ಓಡಿದೆ. ದೊಡ್ಡ ರಸ್ತೆಗೆ ಅಡ್ಡವಾಗಿ ಟ್ಯಾಂಕು ನಿಂತಿತ್ತು. ಒಬ್ಬ ಸೈನಿಕ ಬಂದೂಕಿನಿಂದಲೇ ಹಿಂದಕ್ಕೆ ಹೋಗು ಎಂದು ತೋರಿಸಿದ. ಎದೆ ಮುಟ್ಟಿಕೊಂಡು, ಕೈ ಮುಗಿದು, ನನಗೆ ಗೊತ್ತಿದ್ದ ಎಲ್ಲ ಭಾಷೆಯಲ್ಲಿ ಹೇಳಿದೆ. ಅವನು ಬಯ್ಯಲಿಲ್ಲ, ಬಿಡಲೂ ಇಲ್ಲ. ಬೇರೆ ದಾರಿ ನನಗೆ ಗೊತ್ತಿರಲಿಲ್ಲ.

ತಿರುಗಿ ಬಂದಾಗ ಅಕ್ಕ ಕುರ್ಚಿಯ ಹಿಂದೆ ನಿಂತು ಮಾಮಾನ ತಲೆಯನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿದಿದ್ದಳು. “ಇನ್ನ ಡಾಕ್ಟರ ಬ್ಯಾಡ ತಮ್ಮಾ. ಕಾಲ ಮಡಚು. ಸೆಡಿತಾರ, ಲಗೂನ ಮಡಚು” ಎಂದಳು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪೂಜೆಗೆ ಕುಳಿತ ಹಾಗೆ ಪದ್ಮಾಸನ ಹಾಕಿಸಿ, ಬದುಕಿದ್ದಾಗ ಕೊರಳಲ್ಲಿದ್ದ ಇಷ್ಟಲಿಂಗವನ್ನು ಎಡಗೈಯಲ್ಲಿ ಇಟ್ಟು ಮಣ್ಣಿನಲ್ಲಿ ಕೂರಿಸುತ್ತೇವೆ. ಇದು ಗೊತ್ತಿದ್ದವರು ಆ ಊರಿನಲ್ಲಿ ನಾವಿಬ್ಬರೇ. ಕಾಲು ಮಡಚಿ, ಅಕ್ಕನ ಹಳೆಯ ಇಳಕಲ್ ಸೀರೆಯಿಂದ ಮಾಮಾನನ್ನು ಕುರ್ಚಿಯ ಬೆನ್ನಿಗೆ ಕಟ್ಟಿದೆವು. ಅಷ್ಟು ಮಾಡಿದ ಮೇಲೆ ಅಕ್ಕ ನೆಲದ ಮೇಲೆ ಕುಳಿತು ಅತ್ತಳು. ಅವಳ ಅಳು ಕೇಳಿ ಬೇಲಿಯಾಚೆ ರೇಡಿಯೋ ನಿಂತಿತು.

ಯಾವ ಸರಕಾರಕ್ಕೆ ಬರೆಯುವುದು

ಪರದೇಶಿಗಳ ಸ್ಮಶಾನ ಒಂದಿತ್ತು. ಅಲ್ಲಿ ಜಾಗ ಬೇಕೆಂದರೆ ನಗರಸಭೆಯ ಅಪ್ಪಣೆ ಬೇಕು. ನಗರಸಭೆ ಕೊಡಬೇಕೆಂದರೆ ನಮ್ಮ ರಾಯಭಾರ ಕಚೇರಿ ಬರೆದು ಕೇಳಬೇಕು. ಅಲ್ಮಾಜಳ ಗಂಡ ಹಿಂದಿನ ಓಣಿಗಳಲ್ಲಿ ಸುತ್ತಿಸಿ ನನ್ನನ್ನು ಅಲ್ಲಿಗೆ ತಲುಪಿಸಿದ.

ಒಳಗೆ ಎಲ್ಲರೂ ಪಿಸುಮಾತಿನಲ್ಲಿದ್ದರು. ಗೋಡೆಯ ಮೇಲೆ ನಮ್ಮ ರಾಷ್ಟ್ರಪತಿಯ ಪಟ, ಪಕ್ಕದಲ್ಲಿ ಚಕ್ರವರ್ತಿಯ ಪಟ. ಅದನ್ನು ತೆಗೆದರೂ ಒಂದು ಅರ್ಥ, ಬಿಟ್ಟರೂ ಒಂದು ಅರ್ಥ. ನಾನು ನೋಡುತ್ತಿದ್ದಂತೆಯೇ ಜವಾನ ಸ್ಟೂಲು ಹತ್ತಿ ಅದರ ಮೇಲೆ ಒಂದು ಚಹಾ ಕಂಪನಿಯ ದೊಡ್ಡ ಕ್ಯಾಲೆಂಡರ್ ತೂಗುಹಾಕಿದ. ಇಳಿದು ದೂರ ನಿಂತು ನೋಡಿ, ಚಕ್ರವರ್ತಿಯ ಬೂಟು ಕಾಣುತ್ತಿದ್ದುದರಿಂದ ಮತ್ತೆ ಹತ್ತಿ ಇನ್ನಷ್ಟು ಕೆಳಗಿಳಿಸಿದ.

ಒಬ್ಬ ಅಧಿಕಾರಿ ನನ್ನನ್ನು ಕೂರಿಸಿ ನೀರು ಕೊಟ್ಟರು. ಉತ್ತರದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಹಿಂದಿಯಲ್ಲಿ ಸಮಾಧಾನವಾಗಿ ಮಾತಾಡಿದರು.

“ನಗರಸಭೆಗೆ ಬೆಳಗಿನಿಂದ ಬೇರೆ ಕೆಲಸಕ್ಕೂ ಫೋನು ಮಾಡುತ್ತಿದ್ದೇನೆ. ಎತ್ತುವವರಿಲ್ಲ. ಬರೆಯೋಣ ಎಂದರೆ, ಇವತ್ತು ಈ ಕಚೇರಿಯಿಂದ ಹೋಗುವ ಒಂದು ಸಾಲು ಕೂಡ ಭಾರತ ಸರಕಾರ ಬರೆದಂತೆ. ಚಕ್ರವರ್ತಿಯ ಸರಕಾರಕ್ಕೆ ಅಂತ ಬರೆದರೆ ಅದು ಇಲ್ಲ. ಹೊಸಬರಿಗೆ ಅಂತ ಬರೆದರೆ ಅವರನ್ನು ನಾವು ಒಪ್ಪಿದಂತೆ. ಒಪ್ಪುವುದು ಬಿಡುವುದು ದಿಲ್ಲಿಯ ಮಾತು, ನನ್ನದಲ್ಲ.”

“ಎಷ್ಟು ದಿನ ಸಾರ್?”

“ಹೇಳಲಾರೆ. ಆದರೆ ಇಂಡಿಯಾದ ವ್ಯಾಪಾರಸ್ಥರ ಸುಡುಗಾಡು ಇದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕಟ್ಟಿಗೆ ಅವರೇ ಕೊಡುತ್ತಾರೆ. ನಾಳೆ ಬೆಳಿಗ್ಗೆಯೇ ಮುಗಿಸಬಹುದು. ಹಿಂದೂಗಳಿಗೆ ಎಲ್ಲ ಅನುಕೂಲ ಅಲ್ಲಿದೆ.”

ನಾವು ಸುಡುವುದಿಲ್ಲ ಎಂದು ನಾನು ಹೇಳಿದೆ. ಅವರು ಹುಬ್ಬು ಗಂಟಿಕ್ಕಿ, ತಿಳಿಯದೆ, ಮೆಲ್ಲಗೆ ಕೇಳಿದರು: “ಇಂಥ ಹೊತ್ತಿನಲ್ಲಿಯೂ?”

ದಾರಿಯುದ್ದಕ್ಕೂ ಆ ಮಾತೇ ಕಿವಿಯಲ್ಲಿತ್ತು. ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಎನಿಸಿತ್ತು. ಮನೆಗೆ ಬಂದು ಅಕ್ಕನಿಗೆ ಹೇಳಿದೆ: “ಕಟ್ಟಿಗಿ ಕೊಡ್ತಾರಂತವ್ವಾ. ಊರಾಗ ಯಾರಿಗೂ ತಿಳಸೂದು ಬ್ಯಾಡ.”

ಅಕ್ಕ ಸಿಟ್ಟಾಗಲಿಲ್ಲ. “ಬೆಂಕ್ಯಾಗ ಲಿಂಗ ಎಲ್ಲಿಡ್ಲಿ, ಹೇಳು?” ಎಂದಳು.

ಕುರ್ಚಿ

ಶುಕ್ರವಾರ ಬೆಳಿಗ್ಗೆ ಬಾಗಿಲು ತೆಗೆದರೆ ಓಣಿಯಲ್ಲಿ ಡೇರೆ ಎದ್ದು ನಿಂತಿತ್ತು. ಗುಂಪು ಕೂಡಬಾರದು ಎಂದು ರೇಡಿಯೋ ಹಿಂದಿನ ದಿನವೇ ಹೇಳಿತ್ತು. ಆದರೂ ಬೆಂಚು ಬಂದಿದ್ದವು, ಒಲೆ ಹೊತ್ತಿತ್ತು, ಬಿಳಿ ಹೊದಿಕೆಯ ಹೆಂಗಸರು ಸಾಲಾಗಿ ಕುಳಿತಿದ್ದರು. ಗಾಷೆ ತೆಸ್ಸೆಮಾ ನಾಲ್ವರೊಂದಿಗೆ ಉದ್ದನೆಯ ಶವಪೆಟ್ಟಿಗೆ ಹೊರಿಸಿಕೊಂಡು ಒಳಗೆ ಬಂದ. ಬಂದವನು ಕುರ್ಚಿಯ ಮುಂದೆ ನಿಂತುಬಿಟ್ಟ. ಹಣೆಗೆ, ತೋಳಿಗೆ ವಿಭೂತಿ ಬಳಿಸಿಕೊಂಡು ಮಾಮಾ ಕಾಲು ಮಡಚಿ ಕುಳಿತಿದ್ದರು. ಪೆಟ್ಟಿಗೆ ಐದಾರು ಅಡಿ ಉದ್ದ ಇತ್ತು, ಒಂದಡಿ ಎತ್ತರ.

ಮುದುಕ ಅಕ್ಕನನ್ನು ಏನೋ ಕೇಳಿದ. ಅಕ್ಕ ನನಗೆ ಹೇಳಿದಳು: “ಇವರು ನಿಮ್ಮ ಕಡೆ ದೊರಿ ಏನವಾ ಅಂತ ಕೇಳ್ತಾನ. ಅಲ್ರಿ, ನಮ್ಮಲ್ಲಿ ಎಲ್ಲಾರೂ ಹಿಂಗ ಕುಂದರತಾರ, ಒಕ್ಕಲಿಗ, ಕುಂಬಾರ, ಎಲ್ಲಾರೂ ಅಂತ ನಾ ಅಂದೆ.”

ಮುದುಕ ಪೆಟ್ಟಿಗೆಯನ್ನು ಹಿಂದಕ್ಕೆ ಕಳಿಸಿದ. ಕುರ್ಚಿಯ ಕೆಳಗೆ ಎರಡು ಬಿದಿರು ಕಟ್ಟಿಸಿದ. ಮಾಮಾನನ್ನು ಕುರ್ಚಿಯ ಸಮೇತ ಎಂಟು ಜನ ಹೆಗಲಿಗೆ ಏರಿಸಿದರು. ಅದರಲ್ಲಿ ನಾನೊಬ್ಬ. ಚಕ್ರವರ್ತಿಯನ್ನು ಒಂದು ಸಣ್ಣ ಕಾರಿನ ಹಿಂದಿನ ಸೀಟಿಗೆ ಹತ್ತಿಸಿ ಕಳಿಸಿದರಂತೆ ಎಂಬ ಸುದ್ದಿ ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಅದರ ಮರುದಿನವೇ ಕುರ್ಚಿಯಲ್ಲಿ ಕುಳಿತ ಒಬ್ಬ ಮಾಸ್ತರ ಹೆಗಲ ಮೇಲೆ ಬರುವುದನ್ನು ಕಂಡು ದಾರಿಯ ಜನ ಟೋಪಿ ತೆಗೆದು ಗೋಡೆಗೆ ಸರಿದರು.

ತಿರುವಿನಲ್ಲಿ ಸೈನಿಕರು ತಡೆದರು. ಮೆರವಣಿಗೆ ಮಾಡುವಂತಿಲ್ಲ ಎಂದರು. ಅಲ್ಮಾಜ್ ಮುಂದೆ ನುಗ್ಗಿ ಕೈ ಬೀಸಿ ಬೀಸಿ ಮಾತಾಡಿದಳು. ಇನ್ನೂ ಹುಡುಗ ವಯಸ್ಸಿನ ಒಬ್ಬ ಸೈನಿಕ ನೆಲ ನೋಡುತ್ತ ನಿಂತ. ಹೆಗಲ ಮೇಲಿನ ಬಿದಿರು ಮೂಳೆಗೆ ಒತ್ತುತ್ತಿತ್ತು.

“ಏನಂತಾಳ?” ಎಂದೆ.

“ನಿಮ್ಮವ್ವ ಸತ್ರ ಯಾರ ಹೊರ್ತಾರಲೇ, ರೇಡಿಯೋ ಹೊರ್ತೈತೇನು ಅಂತ ಕೇಳಾಕತ್ತಾಳ” ಎಂದಳು ಅಕ್ಕ.

ಸೈನಿಕ ಟೋಪಿ ತೆಗೆದು ಬದಿಗೆ ಸರಿದ.

ಸ್ಮಶಾನದ ಗೇಟಿನಲ್ಲಿ ಕಾವಲಿನವನು ಕಾಗದ ಕೇಳಿದ. ಕಾಗದ ಇರಲಿಲ್ಲ. ಗಾಷೆ ತೆಸ್ಸೆಮಾ ಅವನ ಹೆಗಲ ಮೇಲೆ ಕೈ ಹಾಕಿ ದೂರ ಕರೆದುಕೊಂಡು ಹೋದ. ಕಾವಲಿನವನ ತಂದೆ ತೀರಿದಾಗ ಅವನ ಓಣಿಗೆ ಡೇರೆ ಸಾಲದೆ ಇವರ ಇದ್ದಿರಿನದು ಹೋಗಿತ್ತಂತೆ. ಹೊತ್ತವರಲ್ಲಿ ಮಾಮಾನೂ ಇದ್ದರಂತೆ. ಅವನು ಕುರ್ಚಿಯ ಹತ್ತಿರ ಬಂದು, ವಿಭೂತಿಯ ಕೆಳಗಿನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೀಲಿ ತೆಗೆದ. ಗುದ್ದಲಿಯನ್ನೂ ಅವನೇ ತಂದ.

ಎಷ್ಟು ಆಳ, ಎಷ್ಟು ಅಗಲ ಎಂದು ನಾನು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ಕುಣಿಯ ಒಂದು ಗೋಡೆಯಲ್ಲಿ ಒಬ್ಬರು ಕೂರುವಷ್ಟು ಗೂಡು ಕೊರೆದರು. ಮಣ್ಣು ನಮ್ಮ ಎರೆಭೂಮಿಯ ಹಾಗೆ ಕಪ್ಪಲ್ಲ, ಕೆಂಪು, ತೇವದಿಂದ ಅಂಟುತ್ತಿತ್ತು.

“ಅಕ್ಕಾ, ಕ್ರಿಯಾ ಮಾಡಸೂ ಅಯ್ಯನವರು ಇಲ್ಲಲ್ಲ, ಲಿಂಗ ಯಾರು ಕೊಡಬೇಕು?” ಎಂದೆ.

“ನಾ ಅದೀನಲ್ಲಾ, ನಾ ಕೊಡ್ತೀನಿ” ಎಂದು ಅವಳೇ ಸೀರೆ ಎತ್ತಿ ಕಟ್ಟಿ ಕುಣಿಯೊಳಗೆ ಇಳಿದಳು.

ನಮ್ಮ ಊರಿನಲ್ಲಾಗಿದ್ದರೆ ಅವಳನ್ನು ನಾಲ್ಕು ಜನ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರು. ಅಲ್ಲಿ ಎಳೆಯುವವರು ಯಾರೂ ಇರಲಿಲ್ಲ. ಕಟ್ಟಿದ್ದ ಸೀರೆ ಬಿಚ್ಚಿ, ಮಾಮಾನನ್ನು ಕುರ್ಚಿಯಿಂದ ಎತ್ತಿ ಅವಳ ಕಡೆಗೆ ಇಳಿಸಿದೆವು. ಅವಳು ಒಳಗೆ ಎಷ್ಟು ಹೊತ್ತು ಇದ್ದಳೋ ನಾನು ನೋಡಲಿಲ್ಲ, ಮುಖ ತಿರುಗಿಸಿದ್ದೆ. ಬಿಲ್ವಪತ್ರೆ ಇರಲಿಲ್ಲ. ಹೆಂಗಸರು ಹೊಸ ವರ್ಷದ ಹಳದಿ ಹೂವು ತಂದಿದ್ದರು, ಅದನ್ನೇ ಹಾಕಿದೆವು.

ಮಣ್ಣು ಎಳೆಯುವಾಗ ಗೇಟಿನಲ್ಲಿ ಬಾಡಿಗೆ ಕಾರೊಂದು ನಿಂತಿತು. ರಾಯಭಾರ ಕಚೇರಿಯ ಆ ಅಧಿಕಾರಿ ಟೈ ಇಲ್ಲದೆ, ಒಬ್ಬರೇ ಇಳಿದು ಬಂದರು. “ಕಚೇರಿ ಬಂದಿಲ್ಲ, ನಾನು ಬಂದಿದ್ದೇನೆ” ಎಂದರು ನನಗೆ. ಬೂಟು ಬಿಚ್ಚಿ, ಎರಡೂ ಕೈಯಿಂದ ಮಣ್ಣು ಎತ್ತಿ ಹಾಕಿದರು.

ಮೂರು ದಿನ ಡೇರೆ ಹಾಗೆಯೇ ಇತ್ತು. ಅಕ್ಕನನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡಲಿಲ್ಲ. ಅವರ ಮಾತು ಬಾರದ ನಾನು ಬೆಂಚಿನ ತುದಿಯಲ್ಲಿ ಕುಳಿತು ಬಂದವರಿಗೆ ತಲೆ ಬಾಗಿಸುತ್ತಿದ್ದೆ. ನಾಲ್ಕನೆಯ ದಿನ ಡೇರೆ ಬಿಚ್ಚಿದಾಗ ಓಣಿ ಎಷ್ಟು ಅಗಲ ಇದೆ ಎಂಬುದು ಕಂಡಿತು. ಆಮೇಲೆ ಆ ಅಧಿಕಾರಿ ಜವಾನನನ್ನು ಕಳಿಸಿದರು. ದಿಲ್ಲಿಯಿಂದ ಮಾತು ಬಂದಿದೆ, ಈಗ ನಗರಸಭೆಗೆ ಬರೆಯಬಹುದು, ಬರೆಯಲೇ ಎಂದು ಕೇಳಿದ್ದರು. “ಇರಲಿ ಬಿಡ್ರಿ, ಅವರು ಕುಂತಾಗೇತಿ” ಎಂದು ಅಕ್ಕ ಕನ್ನಡದಲ್ಲಿಯೇ ಹೇಳಿದಳು. ನಾನು ಅವನಿಗೆ ಹಿಂದಿಯಲ್ಲಿ ಹೇಳಿ ಕಳಿಸಿದೆ.

ಮನಗೂಳಿ

ವಿಮಾನದಲ್ಲಿ ಅಕ್ಕ, ನಾನು, ನಮ್ಮ ಪಕ್ಕದಲ್ಲಿ ಒಂದು ಖಾಲಿ ಸೀಟು. ಮುಂಬಯಿ ಬರುವವರೆಗೂ ನಾವಿಬ್ಬರೂ ಅದರ ಮೇಲೆ ಏನನ್ನೂ ಇಡಲಿಲ್ಲ.

ಮನಗೂಳಿಯಲ್ಲಿ ಮನೆ ತುಂಬ ಜನ ಇದ್ದರು. ಮಾಮಾನ ತಾಯಿ ಅಳುವುದನ್ನು ಮುಗಿಸಿದ್ದಳು. ತಂತಿ ತಲುಪಿ ವಾರದ ಮೇಲಾಗಿತ್ತು. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಒಂದೇ ಮಾತು ಕೇಳಿದಳು.

“ಕುಂದರಿಸಿದಿ?”

“ಹೂಂನ್ರಿ ಅತ್ತಿ. ಲಿಂಗ ಕೈಯಾಗ ಕೊಟ್ಟು ಕುಂದರಿಸೇನಿ.”

“ಯಾವ ದಿಕ್ಕಿಗೆ ಮುಖಾ?”

ಎಲ್ಲರೂ ನನ್ನ ಕಡೆ ನೋಡಿದರು. ಬಸ್ಸು ತಡವಾದದ್ದನ್ನೂ ಬರೆದಿಡುವವನು ನಾನು. ಮುಖ ಉತ್ತರಕ್ಕೋ ಪೂರ್ವಕ್ಕೋ ಇರಬೇಕು ಎಂದು ನಮ್ಮಲ್ಲಿ ಹೇಳುತ್ತಾರೆ. ಆ ಕುಣಿ ಯಾವ ದಿಕ್ಕಿಗೆ ಇತ್ತು ಎಂಬುದು ನನಗೆ ಗೊತ್ತಿರಲಿಲ್ಲ, ಬರೆದೂ ಇರಲಿಲ್ಲ.

ಅಕ್ಕ ತಲೆ ತಗ್ಗಿಸಿಯೇ ಹೇಳಿದಳು: “ದಿಕ್ಕ ನೋಡಲಿಲ್ರಿ ಅತ್ತಿ. ಗೇಟಿನ ಕಡೆ ಮುಖಾ ಮಾಡಿ ಕುಂದರಿಸೇನಿ. ಪರದೇಶ, ಒಬ್ಬರ ಇರಬೇಕಲ್ರಿ. ಬಂದ ಹೋಗೂ ಮಂದಿಯರೆ ಕಾಣ್ತಾರ ಅಂತ.”

ಮನೆಯ ಜನರೆಲ್ಲ ಮುದುಕಿಯ ಬಾಯಿ ನೋಡುತ್ತಿದ್ದರು. ಅವಳು ಅಕ್ಕನ ಕೈ ಹಿಡಿದು ತನ್ನ ಮಗ್ಗಲಿಗೆ ಎಳೆದುಕೊಂಡಳು.

“ಚಲೋ ಮಾಡಿದಿ” ಎಂದಳು.